ಎಳೀ ಕುದ್ರಿ ಬಿಟ್ ತಗೊಳ್ಳಲ್ಲ ಅಂದ್ರ ಮದ್ಲ ಅದರ ಬಾಯಿ ನೋಡ್ರಿ

ಅಣ್ಣಾರ ನಿಮ್ ಪೋಸ್ಟ್ ಪೂರಾ ಓದ್ದೆ. ನಾಂದೇಡ್ ಕಡಿ ಮಾಳೆಗಾಂವ್ ಯಾತ್ರಾದಾಗ ತಂದ ಎರಡೂವರಿ ವರ್ಷದ ಮಾರ್ವಾಡಿ ಜಾತಿ ಕ್ರಾಸ್ ಗಂಡು ಮರಿ, ಹಾಲ್ಟರ್ (ಬಾಯಾಗ ಏನೂ ಇಡದ ತಲಿ ಪಟ್ಟಿ) ಹಾಕಿದ್ರ ಎಲ್ಲಿ ಕರದ್ರ ಅಲ್ಲಿ ಬರ್ತದ, ಬಿಟ್ (ಲಗಾಮಿನಾಗ ಬಾಯೊಳಗ ಇಡೋ ಕಬ್ಬಿಣ) ತಂದ್ರ ಮಾತ್ರ ಮಾರಿ ಮ್ಯಾಲ ಎತ್ತಿ ಹಲ್ಲು ಗಟ್ಟಿ ಕಚ್ಚಿ ನಿಂದರ್ತದ, ಹೆಂಗರೆ ಮಾಡಿ ಹಾಕಿದ್ರ ನಾಲಗಿ ಕಬ್ಬಿಣದ ಮ್ಯಾಲ ತಂದು ಹೊರಗ ಬಿಡ್ತದ, ಈ ಲಗ್ನದ ಸೀಜನ್‌ಗಿ ಬಾರಾತ್‌ಗಿ (ಮದಿಮಗನ ಮೆರವಣಿಗಿಗಿ) ಒಯ್ಯಬೇಕು ಅಂತ ಬರ್ದೀರಿ. ನಿಮ್ ಕಾಕಾರು ಕಿವಿ ತಿರುವಿ ಹಿಡಿ ಅಂತಾರ, ಮ್ಯಾಲಿನ ಕಾಮೆಂಟಿನಾಗ ಒಬ್ರು ಕಾಂಟಾ ಲಗಾಮ್ (ಮುಳ್ಳಿನ ಬಿಟ್) ತರ್ರಿ ಎರಡು ದಿನದಾಗ ಸೀದಾ ಆಗ್ತದ ಅಂದಾರ. ಎರಡೂ ಬ್ಯಾಡ್ರಿ. ಯಾಕ ಬ್ಯಾಡ ಅಂತ ಹೇಳ್ತೀನಿ, ಜರಾ ಉದ್ದ ಆಗ್ತದ, ಚಾ ಕುಡ್ಕೋತ ಓದ್ರಿ.

ಮದ್ಲ ವಯಸ್ಸು ನೋಡ್ರಿ. ಎರಡೂವರಿ ವರ್ಷ ಅಂದ್ರ ಕುದ್ರಿ ಬಾಯಾಗ ಹಾಲಲ್ಲು ಬೀಳೋ ಟೈಮ್. ಮುಂದಿನ ನಡುವಿನ ಹಲ್ಲು ಎರಡೂವರಿ ವರ್ಷಕ್ಕ ಬದಲಾಗ್ತಾವ, ಅವುಗಳ ಮಗ್ಗಲಿನವು ಮೂರೂವರಿಗಿ, ತುದಿಯವು ನಾಲ್ಕೂವರಿಗಿ. ಇದು ನಮ್ ಕಣ್ಣಿಗಿ ಕಾಣೋದು. ಕಾಣದಂಗ ಒಳಗ ದವಡಿ ಹಲ್ಲಿನಾಗೂ ಇದೇ ನಡದಿರ್ತದ, ಮುಂಗಡಿ ದವಡಿ ಹಲ್ಲಿನ ಹಳೇ ಟೋಪಿ (ಹಾಲಲ್ಲಿನ ಉಳದ ಭಾಗ) ಈ ಎರಡೂವರಿ ವರ್ಷದ ಸುಮಾರಿಗೇ ಸಡಲಾಗಿ ಅಲ್ಲಾಡ್ತಿರ್ತದ, ಕೆಳಗಿಂದ ಹೊಸ ಹಲ್ಲು ದಬ್ಬತಿರ್ತದ, ವಸಡು ಕೆಂಪಗಾಗಿ ಉಬ್ಬಿರ್ತದ. ಅಂಥಾ ಬಾಯಾಗ ಕಬ್ಬಿಣ ಇಟ್ಟು ಎಳದ್ರ ಯಾವ ಕುದ್ರಿ ಸುಮ್ನ ಇರ್ತದ ಹೇಳ್ರಿ.

ಇನ್ನೊಂದು ಮುಖ್ಯ ಮಾತು, ವುಲ್ಫ್ ಟೂತ್. ಮ್ಯಾಲಿನ ದವಡಿ ಹಲ್ಲಿನ ಸಾಲ ಶುರು ಆಗೋಕಿಂತ ಮುಂದ ಒಂದು ಸಣ್ಣ ಮೊಳಿ ಹಂಗಿನ ಹಲ್ಲು, ಮರಿ ಒಂದು ವರ್ಷದ್ದು ಆಗೋದ್ರೊಳಗ ಬರ್ತದ. ಎಲ್ಲಾ ಕುದ್ರಿಗಿ ಇರಲ್ಲ, ಇದ್ದವೆಲ್ಲಾ ತ್ರಾಸ್ ಕೊಡ್ತಾವ ಅಂತಲೂ ಇಲ್ಲ. ಆದ್ರ ಬಿಟ್ ಎಳದಾಗ ಬಾಯಿ ಮೂಲ್ಯಾಗಿನ ತೊಗಲು ಹಿಂದ ಸರದು ಈ ಹಲ್ಲಿಗಿ ಒತ್ತಿದ್ರ ನೋವಾಗ್ತದ, ಒಮ್ಮೊಮ್ಮಿ ಹಲ್ಲು ಹೊರಗ ಬರದೇ ವಸಡಿನ ಒಳಗೇ ಅಡ್ಡ ಮಲಗಿರ್ತದ, ಮ್ಯಾಲಿಂದ ಬಟಾಣಿಯಷ್ಟು ಗಂಟು ಕೈಗಿ ಹತ್ತತದ ಅಷ್ಟೆ, ಇದು ಇನ್ನೂ ಕೆಟ್ಟದ್ದು. ನಿಮ್ ಮರಿ ಮಾರಿ ಎತ್ತೋದಕ್ಕ ಇದೇ ಕಾರಣ ಅಂತ ಇಲ್ಲಿ ಕುಂತು ಹೇಳ್ಲಿಕ್ಕ ಬರಲ್ಲ, ಖರೆ ನೋಡದೇ ಮುಂದ ಹೋಗಬ್ಯಾಡ್ರಿ. ಬೀದರ್ ನಂದಿನಗರದಾಗ ವೆಟರ್ನರಿ ಕಾಲೇಜ್ ದವಾಖಾನಿ ಅದ, ನೀವು ಹುಮನಾಬಾದ್ ಕಡಿಯವ್ರು, ದೂರ ಇಲ್ಲ, ಅಲ್ಲಿ ತೋರಿಸ್ರಿ. ಹಲ್ಲು ತೆಗಿಬೇಕು ಅಂದ್ರ ಮಂಪರು ಇಂಜೆಕ್ಷನ್ ಕೊಟ್ಟು ಡಾಕ್ಟರೇ ತೆಗಿಬೇಕು. ನಮ್ಮಲ್ಲಿ ಕೆಲವ್ರು ಲಾಳ ಹೊಡಿಯೋ ನಾಲಬಂದ್ ಕರಸಿ ಇಕ್ಕಳದಿಂದ ಕೀಳಸ್ತಾರ, ಬೇರು ಮುರದು ಒಳಗೇ ಉಳೀತದ, ಗಾಯ ಕೀವಾಗ್ತದ. ಮತ್ತ ಕುದ್ರಿಗಿ ಧನುರ್ವಾಯು ಭಾಳ ಲಗು ಹತ್ತೋ ರೋಗ, ಟೆಟನಸ್ ಚುಚ್ಚುಮದ್ದು ಆಗ್ಯಾದೋ ಇಲ್ಲೋ ಅಂತ ಯಾತ್ರಾದಾಗ ಮಾರಿದವ್ರು ಹೇಳೋದು ನಂಬಬ್ಯಾಡ್ರಿ, ಹಾಕಿಸ್ಕೊಂಡು ಬಿಡ್ರಿ.

ಅಲ್ಲಿತನಕ ಮನ್ಯಾಗ ನೀವೂ ನೋಡ್ಬಹುದು. ಕುದ್ರಿಗಿ ಮುಂದಿನ ಹಲ್ಲಿಗೂ ದವಡಿ ಹಲ್ಲಿಗೂ ನಡು ಖಾಲಿ ಜಾಗ ಇರ್ತದಲ್ಲ, ಬಿಟ್ ಕುಂದ್ರೋದೂ ಅಲ್ಲೇ. ಮಗ್ಗಲಿಗಿ ನಿಂತು ಬಾಯಿ ಮೂಲಿಯಿಂದ ಹೆಬ್ಬೆರಳು ಆ ಖಾಲಿ ಜಾಗಕ್ಕ ಇಟ್ರ ತಾನೇ ಬಾಯಿ ತೆರೀತದ, ಇನ್ನೊಬ್ರು ಮೊಬೈಲ್ ಟಾರ್ಚ್ ಹಿಡೀಲಿ. ಬೆರಳು ಹಿಂದಿನ ದವಡಿ ಹಲ್ಲಿನ ತನಕ ಒಯ್ಯಬ್ಯಾಡ್ರಿ, ಕಚ್ಚಿದ್ರ ಬೆರಳು ಉಳಿಯಲ್ಲ. ತುಟಿ ಮೂಲ್ಯಾಗ ಸೀಳು, ನಾಲಗಿ ಮ್ಯಾಲ ಹಳೇ ಕಲಿ, ಬಾಯಿ ವಾಸನಿ, ಇವು ನೋಡ್ರಿ. ಕಣಿಕಿ ತಿನ್ನಾಗ ಅರ್ಧಂಬರ್ಧ ಜಗದು ಉಂಡಿ ಮಾಡಿ ಉಗಳ್ತದಾ, ಒಂದೇ ಕಡಿ ಜಗೀತದಾ, ಅದೂ ಲಕ್ಷ್ಯ ಇಡ್ರಿ.

ಕಾಂಟಾ ಲಗಾಮ್ ವಿಷಯ. ಮುಳ್ಳಿನ ಬಿಟ್ ಹಾಕೋದು 1965ರ ಭಾರ ಎಳೆಯೋ ಹೊರೆ ಹೊರೋ ಪ್ರಾಣಿಗಳ ನಿಯಮದಾಗೇ ಬಂದ್ ಅದ, ಮುಳ್ಳು, ಗಂಟು, ಚೂಪು ತುದಿ ಇರೋ ಯಾವ ಬಿಟ್ಟೂ ಹಾಕಂಗಿಲ್ಲ. ಆದ್ರೂ ಬಜಾರದಾಗ ಸಿಗ್ತಾವ, ಮದಿವಿ ಕುದ್ರಿ ಬಾಯಾಗ ಇವತ್ತಿಗೂ ನೋಡ್ತೀವಿ. ಕಾನೂನು ಒಂದ್ಕಡಿ ಇರ್ಲಿ, ಕೆಲಸಕ್ಕೂ ಅದು ಬರಲ್ಲ. ಮುಳ್ಳು ಚುಚ್ಚಿ ಗಾಯ ಆಗ್ತದ, ಗಾಯ ಮಾಯ್ದು ತೊಗಲು ದಪ್ಪ ಆಗ್ತದ, ಮುಂದ ಸಣ್ಣ ಎಳತ ತಿಳಿಯಲ್ಲ, ಅವಾಗ ಇನ್ನೂ ಜೋರ್ ಎಳೀಬೇಕು. ಬಾಯಿ ಗಟ್ಟಿ ಕುದ್ರಿ ಅಂತ ಅಂತಾರಲ್ಲ, ಹುಟ್ಟಿಂದ ಹಂಗ ಬರಲ್ಲರೀ, ಮನಷ್ಯಾರೇ ಮಾಡಿದ್ದು. ನಾಳಿ ಬ್ಯಾಂಡ್, ಡಿಜೆ, ಪಟಾಕಿ ನಡು ಬೆನ್ನ ಮ್ಯಾಲ ಮದಿಮಗ ಕುಂತಾಗ ಅದು ಬೆದರಿದ್ರ ಬಾಯಾಗಿನ ನೋವು ಇನ್ನಷ್ಟು ಬೆದರಸ್ತದ, ನಿಂದರ್ಸಲ್ಲ.

ಈಗ ಎಂಥಾ ಬಿಟ್. ಅಳತಿ ಮದ್ಲ. ಬಾಯಿ ಮೂಲಿಯಿಂದ ಮೂಲಿಗಿ ಒಂದು ಹಗ್ಗ ಇಟ್ಟು ತುಟಿ ಎರಡೂ ಕಡಿ ಎಲ್ಲಿ ಬರ್ತಾವೋ ಅಲ್ಲಿ ಗುರ್ತು ಮಾಡ್ರಿ, ಅದಕ್ಕ ಎರಡೂ ಕಡಿ ಒಂದೊಂದು ಕಾಲು ಇಂಚ್‌ಕಿಂತ ಕಮ್ಮೀನೇ ಜಾಗ ಬಿಡ್ರಿ, ಸಾಕು. ನಮ್ ಕಡಿ ಹಗುರ ಕುದ್ರಿಗಿ ನಾಲ್ಕೂವರಿಯಿಂದ ಐದು ಇಂಚಿನೊಳಗ ಬರ್ತದ. ಅಗಲ ಜಾಸ್ತಿ ಆದ್ರ ಆ ಕಡಿ ಈ ಕಡಿ ಜಾರಿ ನಡುವಿನ ಜಾಯಿಂಟ್ ಒಂದು ಕಡಿ ದವಡಿಗಿ ಕುಟ್ಟತದ, ಸಣ್ಣದಾದ್ರ ತುಟಿ ರಿಂಗ್‌ದಾಗ ಚಿವಟ್ತದ. ದಪ್ಪ ಇದ್ದಷ್ಟು ಮೆತ್ತಗ ಅಂತ ಹಳೇ ಮಂದಿ ಅಂತಾರ, ಅರ್ಧ ಖರೆ. ತಂತಿಯಂಥಾ ಸಣ್ಣದು ಕೊರೀತದ ಸರಿ, ಆದ್ರ ಕುದ್ರಿ ಬಾಯಿ ಮುಚ್ಚಿದಾಗ ಒಳಗ ಪೂರಾ ನಾಲಗೀನೇ ತುಂಬಿರ್ತದ, ಖಾಲಿ ಜಾಗ ಇರಲ್ಲ, ಭಾಳ ದಪ್ಪ ಕಬ್ಬಿಣ ಇಟ್ರ ನಾಲಗಿ ಹೋಗ್ಬೇಕೆಲ್ಲಿ? ನಾಲಗಿ ಮ್ಯಾಲ ತರೋ ಚಟ ಅಲ್ಲೇ ಶುರು ಆಗ್ತದ. 14ರಿಂದ 16 ಮಿಲಿಮೀಟರ್ ಸುಮಾರು ದಪ್ಪ, ನಡು ಎರಡು ಜಾಯಿಂಟ್ ಇದ್ದು ಮಧ್ಯ ಸಣ್ಣ ನುಣ್ಣನ ತುಂಡು ಇರೋ ಸಾದಾ ರಿಂಗ್ ಬಿಟ್, ನನ್ ಪ್ರಕಾರ ಎಳೀ ಕುದ್ರಿಗಿ ಇದೇ ಚಲೋ. ಉದ್ದ ದಾಂಡಿ ಇರೋವು, ಸರಪಳಿ ಇರೋವು ಈಗ ಕೈಯಾಗೂ ಹಿಡೀಬ್ಯಾಡ್ರಿ. ಸ್ಟೀಲ್ ಇದ್ರ ಸಾಕು. ಹೊಳಪಿನ ಪಾಲಿಶ್ ಕೊಟ್ಟ ಅಗ್ಗದವು ಸ್ವಲ್ಪ ದಿನದಾಗ ಸಿಪ್ಪಿ ಏಳ್ತಾವ, ಹಳೇ ಬನಿಯನ್ ಬಟ್ಟಿ ಮ್ಯಾಲ ಎಳದು ನೋಡ್ರಿ, ಎಲ್ಲೆರೆ ದಾರ ಸಿಕ್ಕಿದ್ರ ಅದು ಬಾಯಿಗಿ ಬರಲ್ಲ.

ಇನ್ನೊಂದು, ಯಾತ್ರಾದಾಗ ಕುದ್ರಿ ಜೋಡಿ ಪುಕ್ಕಟ ಬಂದ ಹಳೇ ಬಿಟ್ ಇದ್ರ ಅದು ಹಾಕಬ್ಯಾಡ್ರಿ. ಯಾವ್ಯಾವ ಕುದ್ರಿ ಬಾಯಾಗ ಇತ್ತೋ. ಗಂಟಲ ಬಾವು ಒಂದೇ ಬಿಟ್ ಒಂದೇ ಬಕೀಟಿನಿಂದ ಹರಡ್ತದ, ಗ್ಲ್ಯಾಂಡರ್ಸ್ ಅಂತೂ ಮನಷ್ಯಾರಿಗೂ ಬರೋ ರೋಗ. ಹೊಸದಾಗಿ ತಂದ ಕುದ್ರಿ ಮನ್ಯಾಗಿನ ಬ್ಯಾರೆ ಕುದ್ರಿಯಿಂದ ದೂರ ಕಟ್ಟಿ ರಕ್ತ ಪರೀಕ್ಷಾ ಮಾಡ್ಸೋದು ಆಗಿಲ್ಲಂದ್ರ ದವಾಖಾನಿಗಿ ಹೋದಾಗ ಅದೂ ಕೇಳ್ರಿ.

ಡಾಕ್ಟರ್ ಬಾಯಿ ಸರಿ ಅದ ಅಂದ ಮ್ಯಾಲ, ಇಲ್ಲಾ ಹಲ್ಲು ತೆಗದು ಗಾಯ ಪೂರಾ ಮಾಯ್ದ ಮ್ಯಾಲ ಕೈ ಕೆಲಸ ಶುರು. ಗಾಯ ಮಾಯೋತನಕ ಬಿಟ್ ತೋರ್ಸಲೂ ಬ್ಯಾಡ್ರಿ. ಮದ್ಲ ಕಿವಿ. ಬಿಟ್ ಹಿಡದಿರೋ ತಲಿ ಪಟ್ಟಿ ಕಿವಿ ಮ್ಯಾಲಿಂದ ಹಾಯ್ಬೇಕಲ್ಲ, ಕಾಕಾರು ಹೇಳಿದಂಗ ಕಿವಿ ತಿರುವಿದ್ರ ಇವತ್ತು ಬಿಟ್ ಒಳಗ ಹೋಗ್ತದ, ನಾಳಿಯಿಂದ ಕೈ ಮಾರಿ ಹತ್ರ ಬಂದ್ರೇ ಕುದ್ರಿ ಎರಡು ಕಾಲ ಮ್ಯಾಲ ಏಳ್ತದ. ಕಾಕಾರಿಗಿ ಸಿಟ್ಟಿಗೇಳದಂಗ ಹೇಳ್ರಿ, ಅವ್ರ ಕಾಲಕ್ಕ ಟಾಂಗಾದ ಕುದ್ರಿ ಮರುದಿನಾನೇ ರಸ್ತಾಕ್ಕ ಇಳೀಬೇಕಿತ್ತು, ಹೊಟ್ಟಿ ಪ್ರಶ್ನಾ, ನಿಮಗೇನ್ ಅವಸರ ಅದ. ಮೈ ತಿಕ್ಕೋವಾಗ ಕುತ್ತಗಿಯಿಂದ ಶುರು ಮಾಡಿ ಕಿವಿ ಬುಡ, ಗಲ್ಲ, ತುಟಿ, ಹಿಂಗ ಕೈ ಒಯ್ರಿ, ತಲಿ ಕೆಳಗ ಬಿಟ್ಟು ಸುಮ್ನ ನಿಂತಾಗ ಕೈ ತೆಗೀರಿ. ಕುದ್ರಿ ಕಲಿಯೋದು ನಾವು ಕೈ ತೆಗದ ಆ ಘಳಗಿಗೇ, ಒತ್ತಿದಾಗ ಅಲ್ಲ. ತಲಿ ಎತ್ತಿ ಒದರಾಡ್ಲಿಕತ್ತಾಗ ಕೈ ತೆಗದ್ರ ಒದರಾಡಿದ್ರ ಬಿಡ್ತಾರ ಅಂತ ಕಲೀತದ.

ಮುಂದ ಬೆರಳಿಗಿ ಸ್ವಲ್ಪ ಬೆಲ್ಲ ಹಚ್ಚಿ ಬಾಯಿ ಮೂಲ್ಯಾಗ ಇಡ್ರಿ, ಚೀಪ್ಲಿ. ಅದು ರೂಢಿ ಆದ್ರ ಮೆತ್ತನ ಅರಬಿ ಸುತ್ತಿದ ಹಗ್ಗ ಬಾಯಾಗ ಇಟ್ಟು ತೆಗೀರಿ, ಆಮ್ಯಾಲ ಬಿಟ್ಟಿಗಿ ಬೆಲ್ಲದ ನೀರು ಸವರ್ರಿ. ಬೆಲ್ಲ ರುಚಿಗಷ್ಟೇ, ಅರ್ಧ ಪೆಂಟಿ ತಿನ್ಸಬ್ಯಾಡ್ರಿ. ಕುದ್ರಿ ಎಡಕ್ಕ ಅದರ ಕಿವಿ ಹಿಂದ ನಿಂದರ್ರಿ, ಅದು ನೋಡೋ ಕಡೀನೇ ನೀವೂ ಮಾರಿ ಮಾಡಿ. ಬಲಗೈಯಾಗ ಪಟ್ಟಿಯ ಮ್ಯಾಲಿನ ತುದಿ, ಎಡಗೈ ಅಂಗೈ ಮ್ಯಾಲ ಬಿಟ್, ಎಡಗೈ ಹೆಬ್ಬೆರಳು ಬಾಯಿ ಮೂಲಿಗಿ. ಹಲ್ಲಿಗಿ ಬಿಟ್ ಕುಟ್ಟಬ್ಯಾಡ್ರಿ, ಕಾಯ್ರಿ, ಬಾಯಿ ತೆರದಾಗ ಬಲಗೈ ಮ್ಯಾಲ ಎತ್ತಿದ್ರ ತಾನೇ ಒಳಗ ಸರೀತದ. ತೆಗಿಯೋದು ಇದಕ್ಕಿಂತ ನಾಜೂಕಿಂದು. ಭಾಳ ಮಂದಿ ಪಟ್ಟಿ ಬಿಚ್ಚಿ ಗಬಕ್ಕನೆ ಕೆಳಗ ಎಳೀತಾರ, ಕಬ್ಬಿಣ ಮುಂದಿನ ಹಲ್ಲಿಗಿ ಬಡೀತದ, ಮರುದಿನ ಅದು ತಲಿ ಎತ್ತತದ, ಆಗ ಕುದ್ರಿ ಹಟಮಾರಿ ಅಂತಾರ. ಪಟ್ಟಿ ಕಿವಿಯಿಂದ ಸಾವಕಾಶ ಇಳಿಸಿ ಹಂಗೇ ಹಿಡೀರಿ, ತಾನೇ ಉಗುಳಲಿ.

ಎತ್ತರದ ಬಗ್ಗಿ. ಬಿಟ್ ತುಟಿ ಮೂಲಿಗಿ ತಾಗಿ ಒಂದು ಸಣ್ಣ ಸುಕ್ಕು ಬಂದ್ರ ಸಾಕು. ನೀವು ಹಾಕಿದ ಫೋಟೋದಾಗ ಭಾಳ ಕೆಳಗ ಜೋತು ಬಿದ್ದಂಗ ಕಾಣ್ತದ, ನಾಲಗಿ ಮ್ಯಾಲ ತರ್ಲಿಕ್ಕ ಅದೂ ಒಂದು ಕಾರಣ ಇರ್ಬಹುದು, ಒಂದೊಂದೇ ತೂತು ಮ್ಯಾಲ ಮಾಡಿ ನೋಡ್ರಿ. ನಾಲಗಿ ದಾರದಿಂದ ಕಟ್ಟೋದು, ಮೂಗಿನ ಪಟ್ಟಿ ಬಿಗದು ಬಾಯಿ ಮುಚ್ಚೋದು ಮಾಡಬ್ಯಾಡ್ರಿ, ಮೂಗಿನ ಎಲುಬಿಗೂ ಪಟ್ಟಿಗೂ ನಡು ಎರಡು ಬೆರಳು ಸಲೀಸ್ ಹೋಗ್ಬೇಕು. ಸುರುವಿನಾಗ ಮೂಗಿನ ಪಟ್ಟೀನೇ ಬ್ಯಾಡ, ಬಿಟ್ಟಿಗಿ ಹಚ್ಚೋ ಕೈಯಾಗಿನ ಹಗ್ಗಾನೂ ಬ್ಯಾಡ. ಒಳಗ ಹಾಲ್ಟರ್ ಇರ್ಲಿ, ಹಿಡದು ತಿರುಗಾಡ್ಸೋದು ಹಾಲ್ಟರಿನಿಂದ, ಬಿಟ್ ಸುಮ್ನ ಬಾಯಾಗ ಇರ್ಲಿ, ಹತ್ತು ನಿಮಿಷ ಆದ್ರ ತೆಗೀರಿ. ಜಗೀತದ, ಸ್ವಲ್ಪ ನೊರಿ ಬರ್ತದ, ಅದಕ್ಕ ಅಂಜಬ್ಯಾಡ್ರಿ. ಬಾಯಿ ಆ ಅಂತ ತೆರದೇ ಇಟ್ರ, ತಲಿ ಒಂದೇ ಕಡಿ ವಾಲಿಸಿದ್ರ, ನೊರ್ಯಾಗ ಕೆಂಪು ಕಂಡ್ರ ತೆಗದು ಬಾಯಿ ನೋಡ್ರಿ. ಬಿಟ್ ಹಾಕಿದ ಕುದ್ರಿ ಅದರ ಹಗ್ಗದಿಂದ ಗೂಟಕ್ಕ ಕಟ್ಟಿ ಚಾ ಕುಡೀಲಿಕ್ಕ ಹೋಗೋರು ಅದಾರ, ಬೆದರಿ ಹಿಂದ ಜಗ್ಗಿದ್ರ ದವಡಿನೇ ಒಡೀತದ.

ನಮ್ ಕಡಿ ಹವಾ ಸುದ್ದಿ ಬ್ಯಾರೆ. ಬೀದರದಾಗ ಡಿಸೆಂಬರ್ ಜನವರಿ ಮುಂಜಾನಿ ಕಬ್ಬಿಣ ಬರ್ಫ್ ಆಗಿರ್ತದ, ಅಂಗೈಯಾಗ ಹಿಡದು ಬೆಚ್ಚಗ ಮಾಡಿ ಹಾಕ್ರಿ. ಏಪ್ರಿಲ್ ಮೇ ಬಂತಂದ್ರ ಉಲ್ಟಾ, ಕಲಬುರಗಿ ಕಡಿ ಬಿಸಿಲು 40 ಡಿಗ್ರಿ ದಾಟ್ತದ, ಬಿಸಿಲಾಗ ಗ್ವಾಡಿಗಿ ತೂಗಹಾಕಿದ ಬಿಟ್ ಸೀದಾ ಬಾಯಿಗಿ ಇಟ್ರ ಸುಡ್ತದ, ನೀರಾಗ ಅದ್ದಿ ನಿಮ್ ಕೈಗಿ ಹಚ್ಚಿ ನೋಡಿ ಹಾಕ್ರಿ.

ಬಾಯಾಗ ಇಟ್ಕೊಂಡು ಸುಮ್ನ ತಿರುಗಾಡ್ಲಿಕತ್ತ ಮ್ಯಾಲೇ ಹಗ್ಗ ಹಚ್ಚೋದು. ಕೆಳಗೇ ನಿಂತು ಒಂದು ಕಡಿ ಹಗ್ಗ ಜರಾ ಬಿಗಿ ಮಾಡ್ರಿ, ಮೂಗು ಒಂದು ಇಂಚು ಆ ಕಡಿ ತಿರುಗಿದ್ರೂ ಆವಾಗಿಂದಾವಾಗ್ಗೇ ಸಡಿಲ ಬಿಡ್ರಿ. ಮದ್ಲ ಎಡ ಬಲ, ನಿಂದರ್ಸೋದು ಹಿಂದ ಸರ್ಸೋದು ಆಮ್ಯಾಲ. ಅದೂ ಬಂದ್ರ ಎರಡು ಉದ್ದ ಹಗ್ಗ ಹಿಡದು ಕಾಲು ಸಿಗದಷ್ಟು ದೂರ ಹಿಂದ ನಡ್ಕೋತ ಹೊಲದಾಗ ತಿರುಗಾಡ್ಸ್ರಿ. ತೊಗರಿ ಕೊಯ್ದ ಹೊಲ ಮಾತ್ರ ಬ್ಯಾಡ, ಕೂಳಿ ಕಾಲಿಗಿ ಚುಚ್ತಾವ, ಬ್ಯಾಸಗ್ಯಾಗ ಎರಿ ಹೊಲದ ಬಿರುಕಿನಾಗ ಕಾಲು ಸಿಕ್ಕೊಂಡ್ರ ಇನ್ನೂ ಕಷ್ಟ, ಬೀಳು ಬಿದ್ದ ಮಸಾರಿ ಜಾಗ ಇದ್ರ ಚಲೋ.

ಈ ಲಗ್ನದ ಸೀಜನ್‌ಗಿ ಬಾರಾತ್‌ಗಿ ಒಯ್ಯಬೇಕಂತ ಬರ್ದೀರಲ್ಲ, ಅದು ಆಗಲ್ಲರೀ. ಬಾಯಿ ವಿಷಯ ಬಿಟ್ರೂ ಬೆನ್ನೆಲುಬು ಪೂರಾ ಬೆಳೆದು ಗಟ್ಟಿ ಆಗ್ಲಿಕ್ಕ ಐದು ವರ್ಷದ ಮ್ಯಾಲ ಬೇಕು, ಎರಡೂವರಿ ವರ್ಷದ ಮರಿ ಮ್ಯಾಲ ಮದಿಮಗನ ಕುಂದರ್ಸಿ ತಾಸಗಟ್ಲೆ ನಿಂದರ್ಸೋದು ಬ್ಯಾಡ. ಬೇಕಿದ್ರ ಖಾಲಿ ಬೆನ್ನಿಲೆ, ಹಾಲ್ಟರ್ ಹಾಕಿ, ಶಾಣ್ಯಾ ದೊಡ್ಡ ಕುದ್ರಿ ಜೋಡಿ ದೂರಿಂದ ಬ್ಯಾಂಡ್ ಸಪ್ಪಳ ಕೇಳಸ್ರಿ.

ಬಿಟ್ಟೇ ಬ್ಯಾಡ, ಬಿಟ್ ಇಲ್ಲದ ಲಗಾಮ್ ಹಾಕ್ರಿ ಅಂತ ಒಬ್ರು ಬರ್ದಾರ, ಮನಿ ಹೊಲದಾಗ ತಿರುಗಾಡ್ಲಿಕ್ಕ ಅದೂ ನಡೀತದ, ನಂದೇನ್ ತಕರಾರಿಲ್ಲ. ಆದ್ರ ಮೂಗಿನ ಎಲುಬಿನ ಮ್ಯಾಲೂ ಬಿಗದು ಜಗ್ಗಿದ್ರ ನೋವಾಗ್ತದ ಅನ್ನೋದು ಲಕ್ಷ್ಯದಾಗ ಇರ್ಲಿ.

ಬೀದರಕ್ಕ ಹೋಗಾಗ ಈಗ ಹಾಕ್ಲಿಕತ್ತ ಬಿಟ್ಟೂ ಪಟ್ಟೀನೂ ಜೋಡಿ ಒಯ್ರಿ, ಬಾಯಾಗ ಎಲ್ಲಿ ಕುಂದರ್ತದ ಅಂತ ಡಾಕ್ಟರ್ ಅಲ್ಲೇ ನೋಡಿ ಹೇಳ್ತಾರ. ಹೊರಡೋಕಿಂತ ಮದ್ಲ ಫೋನ್ ಮಾಡಿ ಕುದ್ರಿ ಹಲ್ಲು ನೋಡೋರು ಆ ದಿನ ಇರ್ತಾರಾ ಅಂತ ಕೇಳ್ಕೋರಿ, ಇಲ್ಲಂದ್ರ ಟೆಂಪೋ ಬಾಡಿಗಿ ದಂಡ.