ಕನ್ನಡ ಓದಿ ಹೇಳುವ ಲಿನಕ್ಸ್

ಪ್ರಶ್ನೆ: ದೃಷ್ಟಿ ಮಂದವಾಗಿರುವ ನಮ್ಮ ತಂದೆಯವರಿಗೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯಿರುವ ಕಂಪ್ಯೂಟರ್ ಕನ್ನಡ ಬರಹವನ್ನು ಓದಿ ಹೇಳುವಂತೆ ಮಾಡುವುದು ಹೇಗೆ?

ಉತ್ತರ: ಇದಕ್ಕೆ ಹಣ ಖರ್ಚು ಮಾಡಬೇಕಾಗಿಲ್ಲ. ಪರದೆಯ ಬರಹವನ್ನು ಗ್ರಹಿಸುವ ಆರ್ಕಾ ಮತ್ತು ಅದನ್ನು ಧ್ವನಿಯಾಗಿಸುವ ಇ-ಸ್ಪೀಕ್ ಎನ್‌ಜಿ, ಎರಡೂ ಉಚಿತ ತಂತ್ರಾಂಶಗಳು. ವಿಂಡೋಸ್ ಚಿಹ್ನೆಯ ಕೀಲಿ, ಆಲ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆರ್ಕಾ ಮಾತನಾಡತೊಡಗುತ್ತದೆ. ಬಳಿಕ ಇನ್ಸರ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಆಯ್ಕೆಗಳ ಧ್ವನಿ ವಿಭಾಗದಲ್ಲಿ ಕನ್ನಡವನ್ನು ಆರಿಸಿ, ವೇಗವನ್ನು ತಗ್ಗಿಸಿ. ದನಿ ಯಾಂತ್ರಿಕವಾಗಿದೆ, ಒಪ್ಪುತ್ತೇನೆ. ಆದರೆ ಕಿವಿ ಬೇಗ ಹೊಂದಿಕೊಳ್ಳುತ್ತದೆ. ಒಂದು ಎಚ್ಚರಿಕೆ: ಯುನಿಕೋಡ್ (ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ನೀಡುವ ಪದ್ಧತಿ) ಅಲ್ಲದ, ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುವ ಕಡತಗಳು ನಮ್ಮ ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳಾದ್ದರಿಂದ, ಕೇಳಿಸುವುದು ಅರ್ಥವಿಲ್ಲದ ಸದ್ದು. ಅಂಥವನ್ನು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಡಿ.