ಬಣ್ಣಬಣ್ಣದ ಕೌದಿಗೆ ಯಾವ ಬೂದು ದಾರ?

ಪ್ರಶ್ನೆ: ಅಮ್ಮನ ಹಳೆಯ ಇಳಕಲ್ ಸೀರೆ, ಹತ್ತಿ ಅಂಗಿಗಳ ತುಂಡು ಜೋಡಿಸಿ ಐದು ಅಡಿ ಅಗಲ, ಏಳು ಅಡಿ ಉದ್ದದ ಕೌದಿ ಮಾಡುತ್ತಿದ್ದೇನೆ. ದಾಳಿಂಬೆ ಕೆಂಪು, ನೀಲಿ, ಸಾಸಿವೆ ಹಳದಿ ಹೆಚ್ಚು; ನಡುನಡುವೆ ಬಿಳಿ. ಪದರಗಳನ್ನು ಮಷಿನ್‌ನಲ್ಲಿ ಹೊಲಿಯಲು ಬೂದು ದಾರ ಒಳ್ಳೆಯದು ಎಂದರು. ಅಂಗಡಿಯಲ್ಲಿ ನೋಡಿದರೆ ಆರೇಳು ಬಗೆಯ ಬೂದು! ಯಾವುದು ತರಲಿ, ಎಷ್ಟು ತರಲಿ?

ಉತ್ತರ: ಸಲಹೆ ಸರಿಯಾಗಿದೆ. ಕೈಯಲ್ಲಿ ಕೌದಿ ಹೊಲಿಯುವಾಗ ದಾರ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುತ್ತದೆ. ಅಲ್ಲಿ ಹೊಲಿಗೆಯೇ ಅಲಂಕಾರ, ಎದ್ದು ಕಂಡರೇ ಚೆಂದ. ಮಷಿನ್ ಹೊಲಿಗೆಯಲ್ಲಿ ಆ ಬಿಡುವಿಲ್ಲ. ಉದ್ದಕ್ಕೂ ಗೆರೆ ಎಳೆದಂತೆ ಕಾಣುತ್ತದೆ. ಬಿಳಿ ದಾರ ಕೆಂಪು, ನೀಲಿಯ ಮೇಲೆ ಕಣ್ಣಿಗೆ ಹೊಡೆಯುತ್ತದೆ; ಕಪ್ಪು ದಾರ ಬಿಳಿ ತುಂಡನ್ನು ಕೆಡಿಸುತ್ತದೆ. ಬೂದು ಎರಡರ ನಡುವೆ ಇರುವುದರಿಂದ ಯಾವ ತುಂಡಿನ ಮೇಲೂ ಅತಿಯಾಗುವುದಿಲ್ಲ.

ಎರಡು ವಿಷಯ ನೋಡಿ. ಮೊದಲನೆಯದು, ಬೂದು ಎಷ್ಟು ತಿಳಿ, ಎಷ್ಟು ಗಾಢ. ಕೌದಿಯನ್ನು ನೆಲದ ಮೇಲೆ ಹಾಸಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆಯಿರಿ. ಕೆಂಪು, ನೀಲಿ ಎಂಬ ಭೇದ ಹೋಗಿ ತಿಳಿ-ಗಾಢ ಮಾತ್ರ ಉಳಿಯುತ್ತದೆ. ಹೆಚ್ಚು ಜಾಗ ತುಂಬಿರುವ ಬೂದು ಯಾವುದೋ ಅದರ ಹತ್ತಿರದ್ದೇ ನಿಮ್ಮ ದಾರ. ನೀವು ಬರೆದ ಬಣ್ಣಗಳಿಗೆ ಬೆಳ್ಳಿಯಂಥ ತಿಳಿ ಬೂದು ಬೇಡ, ಸ್ಲೇಟಿನಷ್ಟು ಕಪ್ಪೂ ಬೇಡ. ಪಾರಿವಾಳದ ಮೈಬಣ್ಣದ ನಡು ಬೂದು ಹೊಂದುತ್ತದೆ. ಬಿಳಿ ತುಂಡುಗಳೇ ಹೆಚ್ಚಿದ್ದರೆ ಮಾತ್ರ ಒಂದು ಮೆಟ್ಟಿಲು ತಿಳಿಯದು ತೆಗೆದುಕೊಳ್ಳಿ.

ಎರಡನೆಯದನ್ನು ಬಹಳ ಜನ ಗಮನಿಸುವುದೇ ಇಲ್ಲ. ಬೂದಿನಲ್ಲೂ ಕಂದಿನ ಕಡೆ ವಾಲಿದ್ದು, ನೀಲಿಯ ಕಡೆ ವಾಲಿದ್ದು ಎಂದು ಎರಡು ಜಾತಿ. ನಿಮ್ಮ ಕೆಂಪು, ಸಾಸಿವೆ ಹಳದಿಗೆ ಕಂದು ಛಾಯೆಯ ಬೂದು ಸೇರುತ್ತದೆ; ನೀಲಿ ಛಾಯೆಯದು ಹಳದಿಯ ಮೇಲೆ ಕೊಳೆಯಂತೆ ಕಾಣುತ್ತದೆ. ಬರೀ ನೀಲಿ, ಕಪ್ಪು, ಬಿಳಿಯ ಕೌದಿಯಾಗಿದ್ದರೆ ನಾವೇ ನೀಲಿ ಬೂದು ತನ್ನಿ ಎನ್ನುತ್ತಿದ್ದೆವು. ಅಂಗಡಿಯ ಟ್ಯೂಬ್‌ಲೈಟಿನಡಿ ಈ ಭೇದ ಸರಿಯಾಗಿ ತಿಳಿಯುವುದಿಲ್ಲ, ಬಾಗಿಲ ಬೆಳಕಿಗೆ ಬನ್ನಿ.

ಹೋಗುವಾಗ ಎಲ್ಲ ಬಟ್ಟೆಗಳ ಚೂರನ್ನು ಒಂದು ರಟ್ಟಿಗೆ ಪಿನ್ ಮಾಡಿಕೊಂಡು ಹೋಗಿ. ರೀಲನ್ನೇ ಬಟ್ಟೆಯ ಮೇಲಿಟ್ಟು ನೋಡಿದರೆ ಮೋಸ ಹೋಗುತ್ತೀರಿ: ಸುತ್ತಿದ ದಾರ ಗಾಢವಾಗಿ ಕಾಣುತ್ತದೆ, ಒಂದೆಳೆ ಬಿಚ್ಚಿದರೆ ತಿಳಿಯಾಗುತ್ತದೆ. ಮೊಳದುದ್ದ ಬಿಚ್ಚಿ ಚೂರುಗಳ ಮೇಲೆ ಹಾಯಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಎರಡರ ನಡುವೆ ಅನುಮಾನ ಬಂದರೆ ಎರಡರದೂ ಚಿಕ್ಕ ರೀಲು ತಂದು, ಅಷ್ಟೇ ಪದರಗಳ ತುಂಡಿನ ಮೇಲೆ ಆರಿಂಚು ಹೊಲಿದು ತೀರ್ಮಾನಿಸಿ.

ಹೊಳಪಿನ ಎಂಬ್ರಾಯ್ಡರಿ ದಾರ ಬೇಡ. ಬಣ್ಣ ಎಷ್ಟೇ ಹೊಂದಿದರೂ ಹತ್ತಿ ಬಟ್ಟೆಯ ಮೇಲೆ ಅದು ಮಿನುಗಿ ತನ್ನನ್ನು ತೋರಿಸಿಕೊಳ್ಳುತ್ತದೆ. ಹತ್ತಿ ದಾರ ಅಥವಾ ದರ್ಜಿಗಳು ಬಳಸುವ ಸ್ಪನ್ ಪಾಲಿಯೆಸ್ಟರ್ ಸಾಕು. ಸೆರಗಿನ ತುಂಡುಗಳಿಗೆ ರೇಷ್ಮೆಯ ಹೊಳಪಿರುವುದರಿಂದ ಅಲ್ಲಿ ಯಾವ ದಾರವೂ ಸ್ವಲ್ಪ ಕಾಣುತ್ತದೆ. ಅದನ್ನು ನೋಡಿ ಬಣ್ಣ ಬದಲಿಸಬೇಡಿ. ಪಾಲಿಯೆಸ್ಟರಿನಲ್ಲಿ ಟಿಕೆಟ್ 120, ಹತ್ತಿಯಲ್ಲಿ 50 ವೇಟ್ ಕೇಳಿ. ಎರಡೂ ಬೇರೆ ಬೇರೆ ಅಳತೆ, ಆದರೆ ಎರಡರಲ್ಲೂ ಅಂಕಿ ದೊಡ್ಡದಾದಷ್ಟು ದಾರ ಸಣ್ಣ. ಸೂಜಿ 14ನೇ ನಂಬರು, ಹೊಸದು. ಹೊಲಿಗೆಯ ಉದ್ದ 3 ಮಿ.ಮೀ. ಇರಲಿ, ಇದಕ್ಕಿಂತ ಒತ್ತಾದರೆ ಸವೆದ ಸೀರೆ ಸೂಜಿ ತೂತುಗಳ ಸಾಲಿನಲ್ಲೇ ಹರಿಯುತ್ತದೆ.

ಇನ್ನು ಲೆಕ್ಕ. ಒಂದೊಂದು ಇಂಚಿಗೆ ಉದ್ದುದ್ದ ಹೊಲಿದರೆ ಸುಮಾರು 60 ಸಾಲು, ಒಟ್ಟು 420 ಅಡಿ, ಅಂದರೆ 128 ಮೀಟರ್. ಮೇಲಿನದು, ಬಾಬಿನ್‌ನದು (ಕೆಳಗಿನ ದಾರದ ಪುಟ್ಟ ರೀಲು) ಸೇರಿ ಹೊಲಿಗೆಯ ಮೂರರಷ್ಟು ದಾರ ಹಿಡಿಯಿರಿ: ಹತ್ತಿರ ಹತ್ತಿರ 385 ಮೀಟರ್. ಬಿಚ್ಚಿ ಹೊಲಿಯುವುದು, ತುದಿ ಕತ್ತರಿಸುವುದು ಸೇರಿಸಿ 500 ಮೀಟರ್ ತನ್ನಿ. ಅಡ್ಡಕ್ಕೂ ಹೊಲಿಯುವುದಾದರೆ ಎರಡರಷ್ಟು. ಎಲ್ಲವನ್ನೂ ಒಂದೇ ಸಲ, ಒಂದೇ ಶೇಡ್ ನಂಬರಿನಲ್ಲಿ ಕೊಳ್ಳಿ. ಆಮೇಲೆ ತಂದದ್ದು ಬೇರೆ ಸಲ ಬಣ್ಣ ಹಾಕಿದ್ದಾದರೆ ಗೆರೆ ಬದಲಾದದ್ದು ಕಾಣುತ್ತದೆ.

ಪ್ರಶ್ನೆ: ಕೌದಿಯ ಹಿಂಭಾಗ ಮರೂನ್ ಆದ್ದರಿಂದ ಬಾಬಿನ್‌ಗೆ ಮರೂನ್ ದಾರ, ಮೇಲೆ ಬೂದು ಹಾಕಿದೆ. ಮೇಲ್ಗಡೆ ಹೊಲಿಗೆಯ ಉದ್ದಕ್ಕೂ ಮರೂನ್ ಚುಕ್ಕೆಗಳು ಕಾಣುತ್ತಿವೆ.

ಉತ್ತರ: ಎರಡು ದಾರ ಹೆಣೆದುಕೊಳ್ಳುವ ಜಾಗ ಪದರಗಳ ಒಳಗೆ ಅಡಗಬೇಕು. ಹತ್ತಿ ತುಂಬಿದ ಕ್ವಿಲ್ಟಿನಲ್ಲಿ ಅದಕ್ಕೆ ದಪ್ಪ ಸಿಗುತ್ತದೆ. ಮೂರು ನಾಲ್ಕು ಪದರ ತೆಳು ಸೀರೆಯಲ್ಲಿ ಸಿಗುವುದಿಲ್ಲ, ಕೂದಲೆಳೆಯಷ್ಟು ಎಳೆತ ಹೆಚ್ಚಾದರೂ ಹೊರಗೆ ಇಣುಕುತ್ತದೆ. ಆದ್ದರಿಂದ ಮೇಲೂ ಕೆಳಗೂ ಒಂದೇ ಬೂದು ಹಾಕುವುದೇ ಭದ್ರ. ಮರೂನ್ ಹಿಂಭಾಗದ ಮೇಲೆ ನಡು ಬೂದು ನೀವು ಅಂದುಕೊಂಡಷ್ಟು ಎದ್ದು ಕಾಣುವುದಿಲ್ಲ.

ಹೊಲಿದದ್ದನ್ನು ಬಿಚ್ಚುವ ಮೊದಲು ಟೆನ್ಷನ್, ಅಂದರೆ ದಾರದ ಎಳೆತ, ಸರಿಮಾಡಿ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಷರ್ ಫುಟ್ ಎತ್ತಿ ಮೇಲಿನ ದಾರವನ್ನು ಹೊಸದಾಗಿ ಪೋಣಿಸಿ. ಫುಟ್ ಕೆಳಗಿದ್ದರೆ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರುವುದಿಲ್ಲ. ಬಾಬಿನ್ ಕೇಸಿನ ಪಟ್ಟಿಯಡಿ ಸಿಕ್ಕಿದ ನಾರನ್ನು ತೆಗೆಯಿರಿ, ನಾರು ಕೂತರೆ ಕೆಳಗಿನ ದಾರ ಸಡಿಲವಾಗುತ್ತದೆ. ಆಮೇಲೂ ಚುಕ್ಕೆ ಬಂದರೆ ಮೇಲಿನ ಟೆನ್ಷನ್ ಅರ್ಧ ಅಂಕಿ ಇಳಿಸಿ, ಮಾದರಿ ತುಂಡಿನ ಮೇಲೆ ಹೊಲಿದು ನೋಡಿ, ಬೇಕಾದರೆ ಇನ್ನರ್ಧ. ಇಳಿಸಿದ್ದು ಹೆಚ್ಚಾದರೆ ಬೂದು ಚುಕ್ಕೆ ಹಿಂಭಾಗದಲ್ಲಿ ಕಾಣಿಸಿಕೊಳ್ಳುತ್ತದೆ, ಆಗ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಬಾಬಿನ್ ಕೇಸಿನ ಸ್ಕ್ರೂ ಮುಟ್ಟುವುದು ಕೊನೆಗೆ, ಅದೂ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಕಡಿಮೆ.