ಮೈಸೂರಿನಲ್ಲಿ ಮೂರು ತಿಂಗಳ ಯೋಗ: ಊಟ, ನಿದ್ದೆ, ಮಂಡಿ, ಬಾಡಿಗೆ ಮನೆ

ಪ್ರಶ್ನೆ: ಜನವರಿಯಿಂದ ಮೂರು ತಿಂಗಳು ಮೈಸೂರಿನ ಗೋಕುಲಂ ಬಡಾವಣೆಯಲ್ಲಿದ್ದು ಅಷ್ಟಾಂಗ ವಿನ್ಯಾಸ (ಉಸಿರಿನ ಲಯಕ್ಕೆ ಆಸನಗಳನ್ನು ನಿಗದಿತ ಕ್ರಮದಲ್ಲಿ ಮಾಡುವ ಯೋಗ ಪದ್ಧತಿ) ಕಲಿಯಲು ಹೊರಟಿದ್ದೇನೆ. ಬೆಳಗಿನ 5ರ ಬ್ಯಾಚ್ ಸಿಕ್ಕಿದೆ. ಊಟ, ನಿದ್ದೆ ಹೇಗೆ ಹೊಂದಿಸಿಕೊಳ್ಳಲಿ? ಮಧ್ಯಾಹ್ನ ಬಿಡುವಿರುವುದರಿಂದ ಆಫೀಸ್ ಕೆಲಸವನ್ನೂ ಜೊತೆಗೇ ಮಾಡಬಹುದೇ? — ಓದುಗರು, ದಾವಣಗೆರೆ

ಉತ್ತರ: ಹಿಂದಿನ ರಾತ್ರಿಯ ಊಟದಿಂದ ಲೆಕ್ಕ ಶುರು ಮಾಡಿ. 5ಕ್ಕೆ ಚಾಪೆಯ ಮೇಲೆ ನಿಲ್ಲಬೇಕಾದರೆ 4ಕ್ಕೆ ಏಳಬೇಕು. ಏಳು ಗಂಟೆ ನಿದ್ದೆ ಬೇಕೆಂದರೆ 9ಕ್ಕೆ ದೀಪ ಆರಿಸಬೇಕು, ಅಂದರೆ ಊಟ ಸಂಜೆ 6.30ರೊಳಗೆ ಮುಗಿದಿರಬೇಕು. ಮೊದಲ ವಾರ ಇದು ಯಾರಿಗೂ ಕೂಡಿಬರುವುದಿಲ್ಲ. ಹೊರಡುವ ಹತ್ತು ದಿನ ಮೊದಲೇ ಊಟ-ನಿದ್ದೆಯನ್ನು ದಿನಕ್ಕೆ ಕಾಲು ಗಂಟೆಯಂತೆ ಹಿಂದಕ್ಕೆ ಸರಿಸುತ್ತ ಬನ್ನಿ.

ರಾತ್ರಿಗೆ ಅನ್ನ-ತಿಳಿಸಾರು, ಗಂಜಿ, ಬೇಯಿಸಿದ ತರಕಾರಿಯಂಥದ್ದು ಸಾಕು. ಈ ಪದ್ಧತಿಯಲ್ಲಿ ಮೊದಲು ಕಲಿಸುವ ಪ್ರಥಮ ಸರಣಿಯ ಹೆಚ್ಚಿನ ಆಸನಗಳು ಮುಂದಕ್ಕೆ ಬಾಗುವಂಥವು, ಹೊಟ್ಟೆ ತಿರುಚುವಂಥವು. ರಾತ್ರಿ 9ಕ್ಕೆ ಹೋಟೆಲಿನ ಪರೋಟ-ಕೂರ್ಮ ತಿಂದವರಿಗೆ ಬೆಳಗ್ಗೆ ಪಶ್ಚಿಮೋತ್ತಾನಾಸನದಲ್ಲೇ ಹುಳಿತೇಗು ಗಂಟಲಿಗೆ ಬರುತ್ತದೆ. ಬೆಳಗ್ಗೆ ಅರ್ಧ ಲೋಟ ಬಿಸಿನೀರು ಅಥವಾ ಚಿಕ್ಕ ಲೋಟ ಕಾಫಿ ಕುಡಿದರೆ ತೊಂದರೆಯಿಲ್ಲ, ಆದರೆ ಅದಾದ ಮೇಲೆ ಶೌಚಕ್ಕೆ ಇಪ್ಪತ್ತು ನಿಮಿಷ ಬಿಡುವಿರಲಿ.

ಅಭ್ಯಾಸ ಮುಗಿದ ತಕ್ಷಣ ಎದ್ದು ಓಡಬೇಡಿ. ಕನಿಷ್ಠ ಹತ್ತು ನಿಮಿಷ ಮಲಗಿ. ಜನವರಿಯ ಮೈಸೂರಿನ ಬೆಳಗು ತಣ್ಣಗಿರುತ್ತದೆ. ಬೆವೆತ ಮೈಯಲ್ಲಿ ಹಾಗೇ ಬೀದಿಗಿಳಿದರೆ ಸೊಂಟ ಬಿಗಿದುಕೊಳ್ಳುತ್ತದೆ, ಚೀಲದಲ್ಲೊಂದು ಒಣ ಅಂಗಿ ಇಟ್ಟುಕೊಳ್ಳಿ. ಎಳನೀರು ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಉಪ್ಪು, ಎಳನೀರಿನಲ್ಲಿ ಅದು ಕಡಿಮೆ. ಹತ್ತು ಗಂಟೆಯ ಹೊತ್ತಿಗೆ ಉಪ್ಪು ಹಾಕಿದ ಮಜ್ಜಿಗೆ ಕುಡಿದರೆ ಮಧ್ಯಾಹ್ನದ ತಲೆನೋವು, ಮೀನಖಂಡದ ಸೆಳೆತ ಎರಡೂ ತಗ್ಗುತ್ತವೆ. ದೊಡ್ಡ ಊಟ ಮಧ್ಯಾಹ್ನವೇ ಆಗಲಿ, ಅದರಲ್ಲಿ ಬೇಳೆ, ಕಾಳು, ಮೊಸರು ಧಾರಾಳವಾಗಿರಲಿ. ಬರೀ ಹಣ್ಣು ತಿಂದುಕೊಂಡು ಮೂರು ತಿಂಗಳು ನಡೆಸಲು ಹೋದವರು ಆರನೇ ವಾರಕ್ಕೆ ಸೊರಗಿ ನಿಲ್ಲುತ್ತಾರೆ.

ಆಫೀಸ್ ಕೆಲಸ ದಿನಕ್ಕೆ ನಾಲ್ಕು ಗಂಟೆಯಾದರೆ ಆಗಬಹುದು. ರಾತ್ರಿ ಪಾಳಿ ಖಂಡಿತ ಬೇಡ. ಎಂಟು ಗಂಟೆ ಕುರ್ಚಿಯಲ್ಲಿ ಕೂತರೆ ಬೆಳಗ್ಗೆ ಸಡಿಲಾದ ತೊಡೆಸಂದು ಸಂಜೆಗೆ ಮತ್ತೆ ಬಿಗಿಯುತ್ತದೆ. ಪೂರ್ತಿ ರಜೆ ಸಿಗದಿದ್ದರೆ ಮೂರು ತಿಂಗಳ ಬದಲು ಒಂದೇ ತಿಂಗಳು ಬನ್ನಿ, ಆ ಒಂದು ತಿಂಗಳು ಪೂರ್ತಿಯಾಗಿ ಬನ್ನಿ. ದಿನಗಳ ಲೆಕ್ಕವೂ ತಿಳಿದಿರಲಿ. ಈ ಪರಂಪರೆಯಲ್ಲಿ ವಾರಕ್ಕೊಂದು ರಜೆ, ಹೆಚ್ಚಿನ ಕಡೆ ಶನಿವಾರ. ಅಮಾವಾಸ್ಯೆ, ಹುಣ್ಣಿಮೆಗೂ ಶಾಲೆ ಇಲ್ಲ. ತಿಂಗಳಿಗೆ ನಿಮ್ಮ ಕೈಗೆ ಸಿಗುವುದು ಸುಮಾರು 24 ದಿನ.

ಪ್ರಶ್ನೆ: ಮೈಸೂರಿಗೆ ಬಂದು ಐದು ವಾರವಾಯಿತು. ಗುರುಗಳು ಪ್ರಥಮ ಸರಣಿಯ ಮೈ ತಿರುಚುವ ಆಸನವಾದ ಮರೀಚ್ಯಾಸನ ಡಿ-ಯಲ್ಲೇ ನಿಲ್ಲಿಸಿದ್ದಾರೆ, ಮುಂದಿನ ಆಸನ ಕೊಟ್ಟಿಲ್ಲ. ಪಕ್ಕದವರೆಲ್ಲ ಮುಂದೆ ಹೋಗುತ್ತಿದ್ದಾರೆ. ಅರ್ಧಪದ್ಮ (ಒಂದು ಪಾದವನ್ನು ಎದುರಿನ ತೊಡೆಯ ಮೇಲಿಡುವುದು) ಹಾಕಿದಾಗ ಎಡ ಮಂಡಿಯ ಒಳಭಾಗ ಚುಚ್ಚಿದಂತಾಗುತ್ತದೆ. ಅಭ್ಯಾಸ ಮಾಡುತ್ತ ಹೋದರೆ ಸರಿಹೋಗುತ್ತದೆಯೇ? — ಓದುಗರು, ಮಂಗಳೂರು

ಉತ್ತರ: ಮಾಡುತ್ತ ಹೋದರೆ ಸರಿಹೋಗುವ ನೋವಲ್ಲ ಇದು. ಚುಚ್ಚುವ ಅರ್ಧಪದ್ಮವನ್ನು ನಾಳೆಯಿಂದಲೇ ನಿಲ್ಲಿಸಿ.

ಕಾರಣ ಹೀಗಿದೆ. ಮಂಡಿ ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ತಿರುಗುವ ಶಕ್ತಿ ಅದಕ್ಕೆ ಅತ್ಯಲ್ಪ. ಪಾದವನ್ನು ಎದುರಿನ ತೊಡೆಯ ಮೇಲೆ ತರಲು ಬೇಕಾದ ತಿರುಗು ಪೂರಾ ತೊಡೆಸಂದಿನಿಂದ ಬರಬೇಕು. ಅಲ್ಲಿ ಬಿಗಿಯಿದ್ದು ನೀವು ಪಾದವನ್ನು ಎಳೆದು ತಂದರೆ, ಕೊರತೆಯಾದ ತಿರುಗನ್ನು ಮಂಡಿ ಕೊಡಬೇಕಾಗುತ್ತದೆ. ಒಳಗಿನ ಮೆದುಮೂಳೆಯ ಪದರ ಎರಡು ಎಲುಬುಗಳ ನಡುವೆ ಹಿಸುಕಿಕೊಳ್ಳುತ್ತದೆ. ಅದಕ್ಕೆ ರಕ್ತಸಂಚಾರ ಕಡಿಮೆ, ಹರಿದರೆ ಕೂಡಿಕೊಳ್ಳುವುದು ಕಷ್ಟ.

ಅರ್ಧಪದ್ಮವನ್ನು ಹತ್ತು ದಿನ ಪೂರ್ತಿ ಬಿಟ್ಟ ನಂತರ, ನೋವು ಹೋಗಿದ್ದರೆ ಮಾತ್ರ, ಅದನ್ನು ಹೀಗೆ ಕಟ್ಟಿ. ಮೊದಲು ಮಂಡಿಯನ್ನು ಪೂರ್ತಿ ಮಡಚಿ, ಹಿಮ್ಮಡಿ ಪೃಷ್ಠದ ಹತ್ತಿರ ಬರಲಿ, ಮೀನಖಂಡ ಮತ್ತು ತೊಡೆಯ ನಡುವೆ ಸಂದು ಉಳಿಯಬಾರದು. ಬಹಳ ಜನ ತಪ್ಪುವುದು ಇಲ್ಲೇ: ಮಂಡಿ ಅರ್ಧ ತೆರೆದಿರುವಾಗಲೇ ಪಾದ ಹಿಡಿದು ಎಳೆಯುತ್ತಾರೆ. ಮಡಚಿದ ಕಾಲನ್ನು ಹಾಗೇ ಇಟ್ಟುಕೊಂಡು ತೊಡೆಯನ್ನು ಪಕ್ಕಕ್ಕೆ ತೆರೆಯಿರಿ. ಬಳಿಕ ಎರಡೂ ಕೈಯಿಂದ ಮೊಣಕಾಲ ಕೆಳಗಿನ ಭಾಗವನ್ನು, ಅಂದರೆ ಪಾದವನ್ನಲ್ಲ, ಕಣಕಾಲನ್ನು ತಳದಿಂದ ಎತ್ತಿ ಹಿಮ್ಮಡಿಯನ್ನು ಹೊಕ್ಕುಳಿನ ಕಡೆಗೆ ತನ್ನಿ. ಅಲ್ಲಿಂದ ಪಾದವನ್ನು ಎದುರಿನ ತೊಡೆಸಂದಿನ ಮಡಿಕೆಗೆ ಇಳಿಸಿ. ಪಾದ ಕಣಕಾಲಿನಲ್ಲಿ ಸೊಟ್ಟಗೆ ಬಾಗಿದ್ದರೆ ತಿರುಗು ಇನ್ನೂ ಸಾಲದು ಎಂದೇ ಅರ್ಥ. ಮಂಡಿ ಗಾಳಿಯಲ್ಲಿ ನಿಂತರೆ ಕೆಳಗೆ ಮಡಚಿದ ಕಂಬಳಿ ಕೊಡಿ. ಕೈಯಿಂದ ಅದುಮಬೇಡಿ, ಬೇರೆಯವರಿಗೂ ಅದುಮಲು ಬಿಡಬೇಡಿ. ಪೃಷ್ಠದಲ್ಲಿ, ತೊಡೆಯ ಹೊರಬದಿಯಲ್ಲಿ ಸೆಳೆತ ಬಂದರೆ ಸರಿ. ಮಂಡಿಯ ಒಳಗೆ ಏನೇ ಆದರೂ ಬಿಡಿಸಿಕೊಳ್ಳಿ.

ಅಲ್ಲಿಯವರೆಗೆ ಮರೀಚ್ಯಾಸನ ಬಿ, ಡಿ ಎರಡರಲ್ಲೂ ಪದ್ಮದ ಕಾಲನ್ನು ನೆಲದ ಮೇಲೆ ಮಡಚಿಟ್ಟುಕೊಂಡು ಮಾಡಿ. ಊಟಕ್ಕೆ, ಓದಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ, ಅರ್ಧದಲ್ಲಿ ಕಾಲು ಅದಲುಬದಲು ಮಾಡಿ. ತೊಡೆಸಂದಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಮಂಡಿ ಊದಿದರೆ, ಅರ್ಧಕ್ಕೆ ಸಿಕ್ಕಿಕೊಂಡರೆ, ಮೆಟ್ಟಿಲು ಇಳಿಯುವಾಗ ಜಾರಿದಂತಾದರೆ ಮೂಳೆ ವೈದ್ಯರ ಬಳಿ ಹೋಗಲೇಬೇಕು.

ಗುರುಗಳು ನಿಲ್ಲಿಸಿದ್ದು ಸರಿಯಾಗಿಯೇ ಇದೆ. ಯೋಗಗುರು ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಸಂಸ್ಥೆ ಕಟ್ಟಿ ಬೆಳೆಸಿದ ಈ ಕ್ರಮದಲ್ಲಿ ಪ್ರತಿಯೊಬ್ಬರಿಗೂ ಅವರವರ ದೇಹ ನೋಡಿ ಒಂದೊಂದೇ ಆಸನ ಕೊಡುತ್ತಾರೆ. ನಿಮಗೆ ಮುಂದೆ ಬರುವುದು ನಾವಾಸನ, ಭುಜಪೀಡಾಸನ, ಆಮೇಲೆ ಕೂರ್ಮಾಸನ, ಸುಪ್ತ ಕೂರ್ಮಾಸನ. ಕೊನೆಯದರಲ್ಲಿ ಕಾಲುಗಳು ತಲೆಯ ಹಿಂದೆ ಹೋಗಬೇಕು. ಈಗ ತೆರೆಯದ ತೊಡೆಸಂದು ಅಲ್ಲಿ ತೆರೆಯುವುದಿಲ್ಲ, ಏಟು ಬೀಳುವುದು ಕತ್ತಿಗೆ, ಬೆನ್ನಿಗೆ. ನೋವಿನ ಮಾತನ್ನು ಅಭ್ಯಾಸದ ನಡುವೆ ಪಿಸುಗುಟ್ಟಬೇಡಿ. ಶುರುವಾಗುವ ಮೊದಲೇ ಹೋಗಿ, “ಸರ್, ಎಡ ಮಂಡಿ ಒಳಗಡೆ ನೋವಿದೆ, ದಯವಿಟ್ಟು ಅಲ್ಲಿ ಒತ್ತಬೇಡಿ” ಎಂದು ಸ್ಪಷ್ಟವಾಗಿ ಹೇಳಿ. ಅಷ್ಟು ಹೇಳಿಯೂ ಒತ್ತುವ ಕಡೆ ಮತ್ತೆ ಹೋಗಬೇಡಿ.

ಪ್ರಶ್ನೆ: ಗೋಕುಲಂನಲ್ಲಿ ನಮ್ಮ ಮನೆಯ ಮಹಡಿಯನ್ನು ವಿದೇಶಿ ಯೋಗ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡಬೇಕೆಂದಿದ್ದೇವೆ. ಏನೇನು ನೋಡಿಕೊಳ್ಳಬೇಕು? — ಗೃಹಿಣಿ, ಮೈಸೂರು

ಉತ್ತರ: ಮೊದಲನೆಯದು ಕಾನೂನು. ವಿದೇಶಿಯರು ನಿಮ್ಮಲ್ಲಿ ತಂಗಿದ 24 ಗಂಟೆಯೊಳಗೆ ಅವರ ವಿವರವನ್ನು, ಎಲ್ಲರೂ ‘ಫಾರ್ಮ್ ಸಿ’ ಎಂದು ಕರೆಯುವ ಆನ್‌ಲೈನ್ ನಮೂನೆಯಲ್ಲಿ, ವಿದೇಶಿಯರ ನೋಂದಣಿ ಕಚೇರಿಗೆ ಕೊಡಬೇಕು. ಈ ಜವಾಬ್ದಾರಿ ಮನೆ ಮಾಲೀಕರದು. ಮನೆಯನ್ನು ಮೊದಲು ನೋಂದಾಯಿಸಿಕೊಳ್ಳಬೇಕಾದ್ದರಿಂದ ಬಾಡಿಗೆದಾರರು ಬರುವ ಎರಡು ಮೂರು ವಾರ ಮುಂಚೆಯೇ ಶುರುಮಾಡಿ. ಪಾಸ್‌ಪೋರ್ಟ್, ವೀಸಾ, ಪ್ರವೇಶ ಮುದ್ರೆ ಬಿದ್ದ ಪುಟ, ಫೋಟೊ ಇಷ್ಟನ್ನೂ ಮೊದಲ ದಿನವೇ ತೆಗೆದುಕೊಳ್ಳಿ. ಅಲ್ಪಾವಧಿಯ ಯೋಗಾಭ್ಯಾಸಕ್ಕೆ ಪ್ರವಾಸಿ ವೀಸಾ ಸಾಕು. ಎಷ್ಟು ದಿನ ಇರಬಹುದೆಂಬುದು ಅದರಲ್ಲೇ ಬರೆದಿರುತ್ತದೆ, ಬಾಡಿಗೆ ಕರಾರು ಅದನ್ನು ದಾಟದಿರಲಿ.

ಉಳಿದದ್ದು ಮನೆಯ ಒಳಗಿನ ಸಂಗತಿ. ಇವರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊರಡುವವರು, ಗೇಟಿನ ಬೀಗದ ಕೀ ಅವರಿಗೊಂದು ಬೇರೆ ಇರಲೇಬೇಕು. ಸೋಲಾರ್ ನೀರನ್ನು ಸಂಜೆ ಕೆಳಮನೆಯವರು ಖಾಲಿ ಮಾಡಿದ್ದರೆ ಬೆಳಗ್ಗೆ ಬರುವುದು ತಣ್ಣೀರು, ಮಹಡಿಗೆ ಪ್ರತ್ಯೇಕ ಗೀಸರ್ ಹಾಕಿಸಿ. ಒಲೆ, ಎರಡು ಪಾತ್ರೆ, ಕುಕ್ಕರ್, ನೀರಿನ ಫಿಲ್ಟರ್ ಇದ್ದರೆ ಅವರು ಬೇಗ ಉಂಡು ಮಲಗಬಹುದು. ಬಟ್ಟೆ ಒಣಗಿಸುವ ಹಗ್ಗ ಬಿಸಿಲಿಗೆ ಬರುವಂತಿರಲಿ: ಚಾಪೆಯ ಮೇಲೆ ಹಾಸುವ ದಪ್ಪ ಹತ್ತಿ ಹಾಸು ಒಣಗಲು ಪೂರ್ತಿ ಒಂದು ದಿನದ ಬಿಸಿಲು ಬೇಕು, ಮಳೆಗಾಲದಲ್ಲಿ ಎರಡು ದಿನವಾದರೂ ಮುಗ್ಗಲು ವಾಸನೆ ಹೋಗದು. ಹೊಸ ಹಾಸು ಬಣ್ಣ ಬಿಡುತ್ತದೆ, ಬೇರೆಯಾಗಿ ಉಪ್ಪುನೀರಿನಲ್ಲಿ ನೆನೆಸಿ ಒಗೆಯಲು ತಿಳಿಸಿ.

ಒಂದು ಮಾತು ಸೇರಿಸಬೇಕು. ನಿಮ್ಮ ಮನೆಯ ಸ್ಕೂಟರನ್ನು ಬಾಡಿಗೆಗೆ ಕೊಡಬೇಡಿ. ಬಾಡಿಗೆಗೆ ಓಡಿಸಲು ಪರವಾನಗಿ ಇರುವ ವಾಹನದ ಫಲಕ ಕಪ್ಪು, ಅಕ್ಷರ ಹಳದಿ. ಬಿಳಿ ಫಲಕದ ವಾಹನ ಬಾಡಿಗೆಯ ಮೇಲೆ ಅಪಘಾತಕ್ಕೀಡಾದರೆ ವಿಮಾ ಕಂಪನಿ ಕೈಯೆತ್ತಬಹುದು.

ಪ್ರಶ್ನೆ: ಅಮೆರಿಕದಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳು ಯೋಗ ಕಲಿಯಲು ಮೈಸೂರಿಗೆ ಬರುತ್ತಾಳೆ. ಹೋದ ಸಲ ಎರಡನೇ ವಾರಕ್ಕೇ ಹೊಟ್ಟೆ ಕೆಟ್ಟಿತ್ತು. ಶನಿವಾರ ಎಣ್ಣೆಸ್ನಾನ ಮಾಡಬೇಕು ಎನ್ನುತ್ತಾರಂತೆ, ಅವಳಿಗೆ ಅಭ್ಯಾಸವಿಲ್ಲ. — ತಾಯಿ, ಕ್ಯಾಲಿಫೋರ್ನಿಯಾ

ಉತ್ತರ: ಮೊದಲ ಎರಡು ವಾರ ಬಿಸಿಬಿಸಿಯಾಗಿ ಎದುರಿಗೇ ಬೇಯಿಸಿದ್ದನ್ನು ಮಾತ್ರ ತಿನ್ನಲಿ: ಇಡ್ಲಿ, ದೋಸೆ, ಪೊಂಗಲ್, ಅನ್ನ-ಸಾರು. ಕತ್ತರಿಸಿಟ್ಟ ಹಣ್ಣು, ಹಸಿ ಚಟ್ನಿ, ಐಸ್ ಹಾಕಿದ ಜ್ಯೂಸ್ ಬೇಡ. ನೀರು ಚೆನ್ನಾಗಿ ಕೊತಕೊತ ಕುದಿದು ಒಂದು ನಿಮಿಷವಾದರೆ ಸಾಕು. ಹಲ್ಲುಜ್ಜುವುದಕ್ಕೂ ಅದೇ ನೀರು.

ಭೇದಿಯಾದರೆ ಅಭ್ಯಾಸ ಬಿಡಬೇಕು. ನೀರು ಕಳೆದುಕೊಂಡ ದೇಹ ಬೆವರಿದರೆ ತಲೆಸುತ್ತು ಬಂದು ಬೀಳುವ ಅಪಾಯವಿದೆ. ಔಷಧದಂಗಡಿಯ ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಜ್ವರ, ಮಲದಲ್ಲಿ ರಕ್ತ, ಎಂಟು ಗಂಟೆ ಮೂತ್ರ ಬಾರದಿರುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಿ. ವಾಸಿಯಾದ ಮೇಲೆ ಮೊದಲ ದಿನ ಸೂರ್ಯನಮಸ್ಕಾರ ಮತ್ತು ನಿಂತು ಮಾಡುವ ಆಸನಗಳಷ್ಟೇ.

ಎಣ್ಣೆಸ್ನಾನಕ್ಕೆ ಹೇಳುವುದು ಹರಳೆಣ್ಣೆ. ಅದು ಅಂಟು, ಬೇಗ ಹೋಗುವುದಿಲ್ಲ. ಹೊಸಬರು ಅರ್ಧಕ್ಕರ್ಧ ಎಳ್ಳೆಣ್ಣೆ ಬೆರೆಸಿ, ಉಗುರುಬೆಚ್ಚಗೆ ಮಾಡಿ, ಮೊದಲ ಸಲ ಐದು ನಿಮಿಷವಷ್ಟೇ ಬಿಟ್ಟುಕೊಳ್ಳಲಿ. ನಂತರ ವಾರ ವಾರ ಐದು ನಿಮಿಷ ಹೆಚ್ಚಿಸಬಹುದು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ನೆಲಕ್ಕೆ ಮೊದಲೇ ಹಳೆಯ ಗೋಣಿಚೀಲ ಹಾಸಿ, ಕೂರಲು ಮಣೆ ಇಟ್ಟುಕೊಳ್ಳಲಿ, ಎಣ್ಣೆ ಕಾಲಲ್ಲಿ ಬಚ್ಚಲಿನ ಟೈಲ್ಸ್ ಮೇಲೆ ನಿಲ್ಲಬಾರದು. ಅಂದು ಬಿಸಿಲಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಕಾರ್ಯಕ್ರಮ ಇಟ್ಟುಕೊಳ್ಳದಿರಲಿ. ಶೀತ, ಜ್ವರ, ಮುಟ್ಟು ಇದ್ದ ವಾರ ಎಣ್ಣೆ ಬಿಟ್ಟುಬಿಡಬಹುದು.